ರಾತ್ರಿ ಮೂರು ಗಂಟೆಗೆ ನಿಮ್ಮ ವೈಫೈ ಪೆಟ್ಟಿಗೆ ಯಾರ ಮಾತು ಕೇಳುತ್ತೆ?

ಈ ವಾರದ ಚರಿತ್ರೆಯಲ್ಲಿ ರಾಜರಿಲ್ಲ, ಕೋಟೆ ಇಲ್ಲ, ಶಾಸನವೂ ಇಲ್ಲ. ಇರೋದು ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ನಿಮ್ಮ ಮನೆಯ ಟೀವಿ ಸ್ಟ್ಯಾಂಡ್ ಮೇಲೋ, ಗೋಡೆಯ ಮೊಳೆಗೋ ನೇತುಬಿದ್ದು ಹಸಿರು ದೀಪ ಮಿಟುಕಿಸ್ತಾ ಇರುತ್ತಲ್ಲ, ಆ ವೈಫೈ ಪೆಟ್ಟಿಗೆ. ಈ ಸಂಚಿಕೆ ನಿಮ್ಮ ಕಿವಿಗೆ ಬೀಳ್ತಾ ಇರೋದೂ ಬಹುಶಃ ಅದರ ಮೂಲಕವೇ.

ಫೋನಿಗೆ ಅಪ್‌ಡೇಟ್ ಬಂದರೆ ನಿಮಗೆ ತಕ್ಷಣ ಗೊತ್ತಾಗುತ್ತೆ. ‘ಈಗಲೇ ಹಾಕಲಾ, ರಾತ್ರಿ ಹಾಕಲಾ’ ಅಂತ ಫೋನೇ ಕೇಳುತ್ತೆ. ವೈಫೈ ಪೆಟ್ಟಿಗೆಗೆ ಸ್ಕ್ರೀನ್ ಇಲ್ಲ, ಅದು ಕೇಳೋದೂ ಇಲ್ಲ. ಆದರೆ ಅದರೊಳಗೂ ಒಂದು ಪುಟ್ಟ ಕಂಪ್ಯೂಟರ್ ಇದೆ. ಆ ಕಂಪ್ಯೂಟರ್ ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಹೇಳುವ ತಂತ್ರಾಂಶವೇ ಫರ್ಮ್‌ವೇರ್. ಅದನ್ನು ಬದಲಾಯಿಸಿದರೆ ಪೆಟ್ಟಿಗೆಯ ಬುದ್ಧಿಯೇ ಬದಲಾಗುತ್ತೆ. ಹಾಗಾದರೆ ಬದಲಾಯಿಸೋದು ಯಾರು? ಯಾವಾಗ? ಯಾರನ್ನು ಕೇಳಿ? ಈ ಮೂರು ಪ್ರಶ್ನೆಗಳ ಸುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಜಗಳದ ಕಥೆ ಇವತ್ತು.

ಮೊದಲು ಒಂದು ಸಣ್ಣ ವಿಷಯ. ಅಂಗಡಿಯಲ್ಲಿ ನಾವು ರೂಟರ್ ಅಂತ ಕೇಳಿ ತರುವ ಪೆಟ್ಟಿಗೆಯಲ್ಲಿ ಎರಡು ಕೆಲಸ ಸೇರಿಕೊಂಡಿರುತ್ತೆ. ಮನೆಯ ಟ್ರಾಫಿಕ್ಕನ್ನು ಹೊರಗಿನ ಇಂಟರ್ನೆಟ್ಟಿಗೆ ದಾಟಿಸೋದು ರೂಟರ್ ಕೆಲಸ. ತಂತಿಯಲ್ಲಿ ಬಂದದ್ದನ್ನು ರೇಡಿಯೊ ಅಲೆ ಮಾಡಿ ನಿಮ್ಮ ಫೋನಿಗೆ ಮುಟ್ಟಿಸೋದು ಆಕ್ಸೆಸ್ ಪಾಯಿಂಟ್ ಕೆಲಸ. ಕಾಲೇಜು, ಆಸ್ಪತ್ರೆ, ಆಫೀಸುಗಳಲ್ಲಿ ಇವೆರಡೂ ಬೇರೆ ಬೇರೆ. ಅಲ್ಲಿ ಚಾವಣಿಗೆ ಅಂಟಿಕೊಂಡ ಬಿಳಿ ತಟ್ಟೆ ಥರದ್ದು ನೋಡಿರ್ತೀರಿ, ಅದು ಬರೀ ಆಕ್ಸೆಸ್ ಪಾಯಿಂಟ್. ಮನೆಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ.

‘ಫರ್ಮ್‌ವೇರ್’ ಅನ್ನೋ ಪದ ವೈಫೈಗಿಂತ ತುಂಬಾ ಹಳೆಯದು. 1967ರಲ್ಲಿ ಆಷರ್ ಓಪ್ಲರ್ ಅನ್ನುವವರು ‘ಡೇಟಾಮೇಷನ್’ ಪತ್ರಿಕೆಯಲ್ಲಿ ಇದನ್ನು ಬಳಸಿದರು. ಹಾರ್ಡ್‌ವೇರಿನಷ್ಟು ಗಟ್ಟಿ ಅಲ್ಲ, ಸಾಫ್ಟ್‌ವೇರಿನಷ್ಟು ಮೆತ್ತಗೂ ಅಲ್ಲ, ನಡುವಿನದ್ದು ಅನ್ನೋ ಅರ್ಥದಲ್ಲಿ. ಆಮೇಲೆ ಅಳಿಸಿ ಮತ್ತೆ ಬರೆಯಬಹುದಾದ ಫ್ಲ್ಯಾಶ್ ಮೆಮೊರಿ ಅಗ್ಗವಾಯಿತು. ಮಾರಿ ಹೋದ ಪೆಟ್ಟಿಗೆಯನ್ನೂ ತಿದ್ದಬಹುದು ಅನ್ನೋ ಕಾಲ ಬಂತು. ವೈಫೈ ಹುಟ್ಟಿದ್ದು ಸರಿಯಾಗಿ ಆ ಹೊತ್ತಿಗೆ.

ಹುಟ್ಟಿದ ಸ್ವಲ್ಪ ದಿನಕ್ಕೇ ಅದಕ್ಕೆ ತಿದ್ದುಪಡಿ ಬೇಕಾಯಿತು. ಮೊದಲ ವೈಫೈಗಳಲ್ಲಿ ಗುಟ್ಟು ಕಾಯೋಕೆ ಇದ್ದ ವಿಧಾನದ ಹೆಸರು ವೆಪ್. 2001ರಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್, ಅದಿ ಶಮೀರ್ ಎಂಬ ಮೂವರು ಅದರ ಬೀಗ ಎಷ್ಟು ಸಡಿಲ ಅಂತ ತೋರಿಸಿಬಿಟ್ಟರು. ಗಾಳಿಯಲ್ಲಿ ಹೋಗುವ ಮಾಹಿತಿಯನ್ನು ಸಾಕಷ್ಟು ಹೊತ್ತು ಹಿಡಿದಿಟ್ಟುಕೊಂಡರೆ ಕೀಲಿಯೇ ಕೈಗೆ ಸಿಗುತ್ತೆ. ಅಷ್ಟು ಹೊತ್ತಿಗೆ ಲಕ್ಷಾಂತರ ಪೆಟ್ಟಿಗೆ ಮಾರಾಟ ಆಗಿಹೋಗಿದ್ದವು. ಎಲ್ಲವನ್ನೂ ಎಸೆದು ಹೊಸದು ಕೊಳ್ಳಿ ಅಂತ ಹೇಳೋಕೆ ಆಗುತ್ತಾ? ಹಾಗಾಗಿ ವೈಫೈ ಅಲಯನ್ಸ್ 2003ರಲ್ಲಿ ತಂದ ಡಬ್ಲ್ಯುಪಿಎ ಅನ್ನೋ ಹೊಸ ವಿಧಾನವನ್ನು ಹಳೆಯ ಯಂತ್ರದಲ್ಲೇ ಓಡುವ ಹಾಗೆ, ಬರೀ ಫರ್ಮ್‌ವೇರ್ ಬದಲಾಯಿಸಿದರೆ ಸಾಕು ಅನ್ನೋ ಹಾಗೆ ರೂಪಿಸಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣತನದ ಕೆಲಸವೇ. ಆದರೆ ಹೊಸ ಫರ್ಮ್‌ವೇರ್ ಇದೆ ಅಂತ ತಿಳಿದು, ಹುಡುಕಿ, ಇಳಿಸಿಕೊಂಡು, ಪೆಟ್ಟಿಗೆಗೆ ಹಾಕೋ ಕೆಲಸ ಮಾಲೀಕನ ಪಾಲಿಗೆ ಬಂತು. ಮಾಲೀಕ ಅದನ್ನು ಮಾಡಲಿಲ್ಲ.

ಮನೆ ಜನ ಬಿಡಿ, ದೊಡ್ಡ ಕಂಪನಿಗಳೂ ಮಾಡಲಿಲ್ಲ. ಅಮೆರಿಕದ ಟಿಜೆಎಕ್ಸ್ ಅನ್ನೋ ಬಟ್ಟೆ ಅಂಗಡಿಗಳ ದೊಡ್ಡ ಜಾಲಕ್ಕೆ 2005ರಿಂದ ಕಳ್ಳರು ನುಗ್ಗಿದ್ದರು. 2007ರಲ್ಲಿ ವಿಷಯ ಹೊರಬಿದ್ದಾಗ ಕಂಪನಿ ಕೊಟ್ಟ ಲೆಕ್ಕ 4 ಕೋಟಿ 57 ಲಕ್ಷ ಕಾರ್ಡುಗಳ ಮಾಹಿತಿ. ತನಿಖೆ ಮಾಡಿದ ಕೆನಡಾದ ಅಧಿಕಾರಿಗಳು, ಅಂಗಡಿಗಳಲ್ಲಿ ಇನ್ನೂ ವೆಪ್ ಇತ್ತು, ಡಬ್ಲ್ಯುಪಿಎಗೆ ಬದಲಾಗೋಕೆ ಕಂಪನಿ ತಡ ಮಾಡಿತು ಅಂತ ಬರೆದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತೀವಲ್ಲ, ಹಾಗೆ.

ಸರಿ, ಇನ್ನು ನನಗೆ ತುಂಬಾ ಇಷ್ಟವಾದ ಕಥೆಗೆ ಬರ್ತೀನಿ. ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಮುಂದಿನದಕ್ಕೆಲ್ಲ ಇದೇ ಬೀಜ.

2003ರ ಮೇ ತಿಂಗಳು. ಅಮೆರಿಕದ ಮ್ಯಾಡಿಸನ್ ಊರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ. ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಡೇವ್ ಪ್ಲಾಂಕಾ ಅವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ವಿಶ್ವವಿದ್ಯಾಲಯದಲ್ಲಿ ಒಂದು ಟೈಮ್ ಸರ್ವರ್ ಇತ್ತು. ‘ಈಗ ಗಂಟೆ ಎಷ್ಟು’ ಅಂತ ಬೇರೆ ಕಂಪ್ಯೂಟರುಗಳು ಕೇಳಿದರೆ ಉತ್ತರ ಹೇಳೋದಷ್ಟೇ ಅದರ ಕೆಲಸ. ಅದಕ್ಕೆ ಇದ್ದಕ್ಕಿದ್ದ ಹಾಗೆ ಪ್ರಪಂಚದ ಮೂಲೆ ಮೂಲೆಯಿಂದ ಪ್ರಶ್ನೆಗಳ ಸುರಿಮಳೆ. ದಾಳಿ ಇರಬೇಕು ಅಂದುಕೊಂಡು ಅಂಥ ಪ್ಯಾಕೆಟ್‌ಗಳನ್ನು ತಡೆದರು. ಒಂದೆರಡು ದಿನದಲ್ಲಿ ನಿಲ್ಲುತ್ತೆ ಅನ್ನೋ ನಿರೀಕ್ಷೆ. ನಿಲ್ಲಲಿಲ್ಲ, ಏರಿತು. ಸೆಕೆಂಡಿಗೆ ಎರಡೂವರೆ ಲಕ್ಷ ಪ್ಯಾಕೆಟ್ ದಾಟಿತು. 150 ಮೆಗಾಬಿಟ್‌ಗೂ ಮಿಕ್ಕಿದ ಪ್ರವಾಹ. 2003ರಲ್ಲಿ ಇದು ಸಣ್ಣ ಮಾತಲ್ಲ.

ಎಲ್ಲಿಂದ ಬರ್ತಾ ಇದೆ ಅಂತ ಜಾಡು ಹಿಡಿದು ಹೋದರೆ, ಕಳ್ಳರೂ ಸಿಗಲಿಲ್ಲ, ಹ್ಯಾಕರ್‌ಗಳೂ ಸಿಗಲಿಲ್ಲ. ಸಿಕ್ಕಿದ್ದು ಮನೆಮನೆಯ ನೆಟ್‌ಗಿಯರ್ ರೂಟರ್‌ಗಳು. ಅವುಗಳಲ್ಲಿ ಎಂಆರ್814 ಅನ್ನೋ ವೈಫೈ ಮಾದರಿಯೂ ಇತ್ತು. ಫರ್ಮ್‌ವೇರ್ ಬರೆದವರು ಪೆಟ್ಟಿಗೆಗೆ ಸಮಯ ಗೊತ್ತಾಗಲಿ ಅಂತ ವಿಸ್ಕಾನ್ಸಿನ್ ಸರ್ವರಿನ ವಿಳಾಸವನ್ನು ಸೀದಾ ಕೋಡ್ ಒಳಗೇ ಬರೆದುಬಿಟ್ಟಿದ್ದರು. ವಿಶ್ವವಿದ್ಯಾಲಯವನ್ನು ಕೇಳಿರಲಿಲ್ಲ. ಜೊತೆಗೆ ಇನ್ನೊಂದು ಎಡವಟ್ಟು: ಉತ್ತರ ಬರದಿದ್ದರೆ ಸೆಕೆಂಡಿಗೊಂದು ಸಲ ಮತ್ತೆ ಮತ್ತೆ ಕೇಳು ಅಂತ ಇತ್ತು. ಈಗ ಯೋಚನೆ ಮಾಡಿ. ವಿಶ್ವವಿದ್ಯಾಲಯ ತಡೆ ಹಾಕಿದ್ದಕ್ಕೇ ಉತ್ತರ ಹೋಗ್ತಾ ಇಲ್ಲ. ಉತ್ತರ ಹೋಗದಿದ್ದಕ್ಕೇ ಪೆಟ್ಟಿಗೆಗಳು ಇನ್ನಷ್ಟು ಹಟ ಹಿಡಿದು ಕೇಳ್ತಾ ಇವೆ. ಬಸ್ಸಿನ ಸೀಟಲ್ಲಿ ಕೂತ ಮಗು ‘ಊರು ಬಂತಾ, ಊರು ಬಂತಾ’ ಅಂತ ಕೇಳೋ ಹಾಗೆ. ಏಳು ಲಕ್ಷ ಮಕ್ಕಳು.

ಏಳು ಲಕ್ಷ ಅನ್ನೋದು ಉತ್ಪ್ರೇಕ್ಷೆ ಅಲ್ಲ. ನೆಟ್‌ಗಿಯರ್ ತಾನೇ ಕೊಟ್ಟ ಲೆಕ್ಕ 7,07,147. ಕಂಪನಿ ತಪ್ಪು ಒಪ್ಪಿಕೊಂಡಿತು, ತಿದ್ದಿದ ಫರ್ಮ್‌ವೇರ್ ಬಿಟ್ಟಿತು, ವಿಶ್ವವಿದ್ಯಾಲಯಕ್ಕೆ 3,75,000 ಡಾಲರ್ ಕೊಟ್ಟಿತು. ಆದರೆ ತಿದ್ದಿದ ಫರ್ಮ್‌ವೇರನ್ನು ಆ ಏಳು ಲಕ್ಷ ಪೆಟ್ಟಿಗೆಗಳಿಗೆ ಹಾಕೋದು ಯಾರು? ಮನೆಯವರೇ ಹಾಕಬೇಕು. ಅವರಿಗೆ ತೊಂದರೆ ಏನಿತ್ತು? ಏನೂ ಇಲ್ಲ! ಅವರ ಇಂಟರ್ನೆಟ್ ಚೆನ್ನಾಗೇ ಓಡ್ತಾ ಇತ್ತು. ನೋವು ಎಲ್ಲೋ ಮ್ಯಾಡಿಸನ್‌ನಲ್ಲಿ, ಕಾರಣ ತಮ್ಮ ಮನೆಯ ಕಪಾಟಿನ ಮೇಲೆ, ನಡುವೆ ಯಾವ ದಾರಿಯೂ ಇಲ್ಲ. ಈ ಪೆಟ್ಟಿಗೆಗಳು ಸತ್ತು ಕಸದ ಬುಟ್ಟಿ ಸೇರುವ ತನಕ ಪ್ರಶ್ನೆಗಳು ಬರ್ತಾನೇ ಇರುತ್ತವೆ ಅನ್ನೋದು ಪ್ಲಾಂಕಾ ಅವರಿಗೆ ಅರ್ಥವಾಗಿತ್ತು.

ಇಲ್ಲಿಂದ ಒಂದು ವಾದ ಹುಟ್ಟಿತು, ಅದು ಸರಿಯಾದ ವಾದವೇ. ಮಾಲೀಕನನ್ನು ನಂಬಿ ಕೂತರೆ ಕೆಲಸ ಆಗಲ್ಲ. ಪೆಟ್ಟಿಗೆ ತಾನೇ ಕಂಪನಿಯ ಸರ್ವರನ್ನು ಕೇಳಲಿ, ಹೊಸದು ಇದ್ದರೆ ತಾನೇ ತಂದು ಹಾಕಿಕೊಳ್ಳಲಿ. ರಾತ್ರಿ ಎಲ್ಲರೂ ಮಲಗಿರುವಾಗ, ಮೂರು ಗಂಟೆಗೋ ನಾಲ್ಕಕ್ಕೋ.

ಕೇಳೋಕೆ ಸುಲಭ. ಆದರೆ ಫರ್ಮ್‌ವೇರ್ ಬರೆಯುವ ನಡುವೆ ಕರೆಂಟ್ ಹೋದರೆ ಏನಾಗುತ್ತೆ ಗೊತ್ತಲ್ಲ? ಅರ್ಧ ಹಳೆಯದು, ಅರ್ಧ ಹೊಸದು. ಪೆಟ್ಟಿಗೆ ಏಳಲ್ಲ. ಈ ಸ್ಥಿತಿಗೆ ‘ಬ್ರಿಕ್ ಆಯ್ತು’ ಅಂತಾರೆ, ಅಂದರೆ ಇಟ್ಟಿಗೆ ಆಯ್ತು. ಇದಕ್ಕೆ ಉಪಾಯವಾಗಿ ಒಳ್ಳೆಯ ಪೆಟ್ಟಿಗೆಗಳಲ್ಲಿ ಫರ್ಮ್‌ವೇರಿಗೆ ಎರಡು ಕೋಣೆ ಇಡ್ತಾರೆ. ಒಂದರಲ್ಲಿ ಈಗ ಓಡ್ತಿರೋದು, ಇನ್ನೊಂದರಲ್ಲಿ ಹೊಸದನ್ನು ಬರೆಯೋದು. ಪೂರ್ತಿ ಬರೆದು, ಕಂಪನಿಯ ಡಿಜಿಟಲ್ ಸಹಿ ಸರಿ ಇದೆಯಾ ಅಂತ ನೋಡಿ, ಆಮೇಲೆ ಎರಡನೇ ಕೋಣೆಯಿಂದ ಏಳೋಕೆ ಪ್ರಯತ್ನ. ಏಳದಿದ್ದರೆ ಮತ್ತೆ ಹಳೆಯದಕ್ಕೇ ವಾಪಸ್. ಅಗ್ಗದ ಪೆಟ್ಟಿಗೆಯಲ್ಲಿ ಮೆಮೊರಿ ಉಳಿಸೋಕೆ ಎರಡನೇ ಕೋಣೆಯನ್ನೇ ಬಿಟ್ಟುಬಿಡ್ತಾರೆ. ಗ್ರಾಹಕ ಬಾಕ್ಸಿನ ಮೇಲೆ ಓದೋದು ಸ್ಪೀಡ್ ಮಾತ್ರ. ಕೋಣೆ ಎಷ್ಟಿದೆ ಅಂತ ಯಾರು ಕೇಳ್ತಾರೆ?

ತಂತ್ರಜ್ಞಾನದ ತೊಡಕು ಹೀಗೆ ಮೆಲ್ಲಗೆ ಬಗೆಹರಿಯುತ್ತಾ ಬಂತು. ಬಗೆಹರಿಯದೆ ಉಳಿದದ್ದು ಇನ್ನೊಂದು.

2012ರ ಜೂನ್ ಕೊನೆ. ಲಿಂಕ್‌ಸಿಸ್ ಅನ್ನೋ ಹೆಸರಾಂತ ರೂಟರ್ ಬ್ರ್ಯಾಂಡನ್ನು ಸಿಸ್ಕೊ ಕಂಪನಿ 2003ರಲ್ಲೇ ಸುಮಾರು 50 ಕೋಟಿ ಡಾಲರಿಗೆ ಕೊಂಡುಕೊಂಡಿತ್ತು. ಅದರ ಇಎ2700, ಇಎ3500, ಇಎ4500 ಮಾದರಿಗಳಲ್ಲಿ ಫರ್ಮ್‌ವೇರ್ ತಾನಾಗಿಯೇ ಅಪ್‌ಡೇಟ್ ಆಗುವ ಸೌಲಭ್ಯ ಇತ್ತು. ಒಂದು ದಿನ ಆ ಪೆಟ್ಟಿಗೆಗಳ ಮಾಲೀಕರು ಎಂದಿನಂತೆ ತಮ್ಮ ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋದರೆ ಹಳೆಯ ಪುಟವೇ ಇಲ್ಲ. ‘ಸಿಸ್ಕೊ ಕನೆಕ್ಟ್ ಕ್ಲೌಡ್’ ಅಂತ ಏನೋ ಬಂದು ಕೂತಿದೆ. ಖಾತೆ ತೆರೆಯಿರಿ, ಆಮೇಲೆ ಒಳಗೆ ಬನ್ನಿ ಅಂತಿದೆ. ಯಾರ ಮನೆಯ ಒಳಗೆ? ತಮ್ಮದೇ ಮನೆಯ, ತಾವೇ ದುಡ್ಡು ಕೊಟ್ಟು ತಂದ ಪೆಟ್ಟಿಗೆಯ ಒಳಗೆ.

ಜನ ಸಿಟ್ಟಿಗೆದ್ದು ಷರತ್ತುಗಳ ಸಣ್ಣಕ್ಷರ ಓದತೊಡಗಿದರು. ಅಲ್ಲಿ ನೆಟ್‌ವರ್ಕಿನ ಟ್ರಾಫಿಕ್, ಇಂಟರ್ನೆಟ್ ಹಿಸ್ಟರಿ ಇತ್ಯಾದಿಗಳ ಮಾಹಿತಿಯನ್ನು ಕಂಪನಿ ಇಟ್ಟುಕೊಳ್ಳಬಹುದು ಅಂತ ಬರೆದಿತ್ತು. ಅಶ್ಲೀಲ ವಿಷಯಗಳಿಗೆ ಈ ಸೇವೆ ಬಳಸಬಾರದು ಅನ್ನೋ ಉಪದೇಶ ಬೇರೆ. ಗದ್ದಲ ಎಷ್ಟು ಜೋರಾಯಿತು ಅಂದರೆ, ಜುಲೈ ಮೊದಲ ವಾರದ ಹೊತ್ತಿಗೆ ಸಿಸ್ಕೊ ಕ್ಷಮೆ ಕೇಳಿತು, ತಾವು ಗ್ರಾಹಕರ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಟ್ಟಿಲ್ಲ ಅಂತ ಹೇಳಿತು, ಷರತ್ತು ತಿದ್ದಿತು, ಕ್ಲೌಡ್ ಖಾತೆ ಇಲ್ಲದೆಯೂ ಹಳೆಯ ರೀತಿಯಲ್ಲೇ ಸೆಟ್ಟಿಂಗ್ಸ್ ನೋಡುವ ದಾರಿ ಬಿಟ್ಟುಕೊಟ್ಟಿತು. ಮುಂದಿನ ವರ್ಷ ಲಿಂಕ್‌ಸಿಸ್ಸನ್ನೇ ಬೆಲ್ಕಿನ್ ಕಂಪನಿಗೆ ಮಾರಿತು. ಮಾರಾಟಕ್ಕೆ ಬೇರೆ ಕಾರಣಗಳೂ ಇದ್ದವು, ಈ ಗಲಾಟೆಯೇ ಕಾರಣ ಅಂತ ನಾನು ಹೇಳ್ತಿಲ್ಲ.

ಆದರೆ ಒಂದು ಹಾನಿ ಆಗಿಹೋಯಿತು. ತೂತು ಮುಚ್ಚೋಕೆ ಅಂತ ಕೊಟ್ಟ ಅನುಮತಿಯನ್ನು ಅಂಗಡಿ ಇಡೋಕೆ ಬಳಸಿಕೊಂಡರೆ ಜನ ಏನು ಮಾಡ್ತಾರೆ? ಆಟೊ ಅಪ್‌ಡೇಟ್ ಆಫ್ ಮಾಡ್ತಾರೆ. ಆಫ್ ಮಾಡಿದ ಪೆಟ್ಟಿಗೆ ಮತ್ತೆ 2003ರ ಸ್ಥಿತಿಗೇ ಹೋಗುತ್ತೆ. ಸುರಕ್ಷತೆಯ ತಿದ್ದುಪಡಿಯನ್ನೂ ಹೊಸ ಫೀಚರನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡೋದು ಈ ಇಡೀ ಕಥೆಯ ದೊಡ್ಡ ಪಾಪ ಅನ್ನೋದು ನನ್ನ ಅಭಿಪ್ರಾಯ.

ತಮಾಷೆ ನೋಡಿ. ಅದೇ 2012ರ ನವೆಂಬರಿನಲ್ಲಿ ಅದೇ ಸಿಸ್ಕೊ 120 ಕೋಟಿ ಡಾಲರ್ ಕೊಟ್ಟು ಮೆರಾಕಿ ಅನ್ನೋ ಕಂಪನಿ ಕೊಳ್ಳುತ್ತೆ. ಎಂಐಟಿಯ ಒಂದು ಸಂಶೋಧನೆಯಿಂದ ಬೆಳೆದ ಮೆರಾಕಿ ಮಾರ್ತಾ ಇದ್ದದ್ದು ಏನು? ಕ್ಲೌಡಿನಿಂದಲೇ ನಡೆಸುವ ಆಕ್ಸೆಸ್ ಪಾಯಿಂಟ್‌ಗಳನ್ನು! ಮನೆಯಲ್ಲಿ ಬೈಗುಳ ತಿಂದ ಅದೇ ಐಡಿಯಾಗೆ ಆಫೀಸುಗಳಲ್ಲಿ ಕೆಂಪುಹಾಸು. ಯಾಕೆ?

ಆಫೀಸಿನ ಕಷ್ಟವೇ ಬೇರೆ. ಒಂದು ದೊಡ್ಡ ಕ್ಯಾಂಪಸ್ಸಿನಲ್ಲಿ ಸಾವಿರ ಆಕ್ಸೆಸ್ ಪಾಯಿಂಟ್ ಇದ್ದರೆ, ಏಣಿ ಹಾಕಿಕೊಂಡು ಒಂದೊಂದಕ್ಕೂ ಲ್ಯಾಪ್‌ಟಾಪ್ ಚುಚ್ಚುತ್ತಾ ಹೋಗೋಕೆ ಆಗಲ್ಲ. ಹಾಗಾಗಿ ಅಲ್ಲಿ ಕಂಟ್ರೋಲರ್ ಅಂತ ಒಬ್ಬ ಯಜಮಾನ ಇರ್ತಾನೆ. ಚಾವಣಿಯ ತಟ್ಟೆ ಚಾಲೂ ಆದ ತಕ್ಷಣ ಕಂಟ್ರೋಲರನ್ನು ಹುಡುಕುತ್ತೆ, ತನ್ನ ಫರ್ಮ್‌ವೇರ್ ಆವೃತ್ತಿ ಅದರ ಆವೃತ್ತಿಗೆ ಹೊಂದದಿದ್ದರೆ ಅಲ್ಲಿಂದಲೇ ಇಳಿಸಿಕೊಂಡು ರೀಸ್ಟಾರ್ಟ್ ಆಗುತ್ತೆ. ಮೆರಾಕಿ ಥರದವರು ಆ ಯಜಮಾನನನ್ನು ಕ್ಲೌಡಿಗೆ ಏರಿಸಿದರು. ಮುಖ್ಯ ವಿಷಯ ಏನಂದ್ರೆ, ಯಾವ ದಿನ, ಎಷ್ಟು ಗಂಟೆಗೆ, ಮೊದಲು ಯಾವ ಕಟ್ಟಡ, ಆಮೇಲೆ ಯಾವುದು ಅಂತ ನಿರ್ಧಾರ ಮಾಡುವ ಒಬ್ಬ ಮನುಷ್ಯ ಅಲ್ಲಿದ್ದಾನೆ. ಸಂಬಳಕ್ಕೆ ಇರುವ ನೆಟ್‌ವರ್ಕ್ ಅಡ್ಮಿನ್. ಆತ ಮೊದಲು ನಾಲ್ಕು ಆಕ್ಸೆಸ್ ಪಾಯಿಂಟ್ ಮೇಲೆ ಹೊಸದನ್ನು ಹಾಕಿ ಒಂದೆರಡು ದಿನ ನೋಡ್ತಾನೆ. ಅಕ್ಕಪಕ್ಕದ ಎರಡು ಒಟ್ಟಿಗೇ ರೀಸ್ಟಾರ್ಟ್ ಆಗದ ಹಾಗೆ ನೋಡಿಕೊಳ್ತಾನೆ, ಒಂದು ಮಲಗಿದರೆ ಪಕ್ಕದ್ದು ಎಚ್ಚರ ಇರಲಿ ಅಂತ. ಪರೀಕ್ಷೆ ವಾರದಲ್ಲಿ ಕೈ ಹಚ್ಚಲ್ಲ. ಆಸ್ಪತ್ರೆ ಆದರೆ ಇನ್ನೂ ಹುಷಾರು. ಮನೆಯ ಪೆಟ್ಟಿಗೆಗೆ ಇಂಥ ಒಬ್ಬ ಮನುಷ್ಯ ಇಲ್ಲ, ಕಂಪನಿ ಮತ್ತು ನೀವು ಅಷ್ಟೇ.

ಅಡ್ಮಿನ್ ಇದ್ದರೂ ಎಲ್ಲ ಸುಸೂತ್ರ ಅಂತೇನಿಲ್ಲ. 2022ರ ಡಿಸೆಂಬರ್ 4ರಂದು ಸಿಸ್ಕೊದ ಹಳೆಯ ಪೀಳಿಗೆಯ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಒಂದು ಪಜೀತಿ ಶುರುವಾಯಿತು. ಫರ್ಮ್‌ವೇರ್ ಅಸಲಿಯೇ ಅಂತ ಪರೀಕ್ಷಿಸೋಕೆ ಬಳಸುವ ಸರ್ಟಿಫಿಕೇಟಿನ ಅವಧಿ ಆ ದಿನ ಮುಗಿಯಿತು. ಆಮೇಲೆ ಹೊಸ ಫರ್ಮ್‌ವೇರ್ ಕೊಟ್ಟರೆ ಪೆಟ್ಟಿಗೆ ಇಳಿಸಿಕೊಳ್ಳುತ್ತೆ, ಸಹಿ ನೋಡುತ್ತೆ, ‘ಇದು ಹಳಸಿದೆ’ ಅಂತ ಬಿಸಾಡುತ್ತೆ, ಮತ್ತೆ ಇಳಿಸಿಕೊಳ್ಳುತ್ತೆ. ಮುಗಿಯದ ಗಾಣ. ಕಂಪನಿ ಕೊಟ್ಟ ಪರಿಹಾರಗಳಲ್ಲಿ ಒಂದು ಏನು ಗೊತ್ತಾ? ಕಂಟ್ರೋಲರಿನ ಗಡಿಯಾರವನ್ನು ಡಿಸೆಂಬರ್ 4ಕ್ಕಿಂತ ಹಿಂದಕ್ಕೆ ತಿರುಗಿಸಿ, ಎಲ್ಲ ಇಳಿದಾದ ಮೇಲೆ ಮತ್ತೆ ಸರಿ ಮಾಡಿ ಅನ್ನೋದು. 2003ರಲ್ಲಿ ಪೆಟ್ಟಿಗೆಗಳು ಗಂಟೆ ಎಷ್ಟು ಅಂತ ಪ್ರಾಣ ತಿಂದವು. ಇಲ್ಲಿ ಪೆಟ್ಟಿಗೆಗೆ ಗಂಟೆಯ ಬಗ್ಗೆ ಸುಳ್ಳು ಹೇಳಬೇಕಾಯಿತು.

ಈಗ ಮತ್ತೆ ಮನೆಗೆ ಬರೋಣ. ನಮ್ಮಲ್ಲಿ ಹೆಚ್ಚಿನವರು ರೂಟರನ್ನು ಅಂಗಡಿಯಲ್ಲಿ ಕೊಳ್ಳೋದೇ ಇಲ್ಲ. ಫೈಬರ್ ಕನೆಕ್ಷನ್ ಹಾಕೋಕೆ ಬಂದವರು ಒಂದು ಪೆಟ್ಟಿಗೆ ಕೂರಿಸಿ ಹೋಗ್ತಾರೆ. ಅಂಥ ಪೆಟ್ಟಿಗೆಯ ಸೆಟ್ಟಿಂಗ್ಸ್ ಹೊಕ್ಕು ನೋಡಿದರೆ ಎಲ್ಲೋ ಒಂದು ಮೂಲೆಯಲ್ಲಿ ‘ಟಿಆರ್-069’ ಅನ್ನೋ ಮೆನು ಕಾಣಬಹುದು. ಇದು 2004ರಲ್ಲಿ ಡಿಎಸ್‌ಎಲ್ ಫೋರಂ ರೂಪಿಸಿದ ಒಂದು ಒಪ್ಪಿತ ಭಾಷೆ. ಇಂಟರ್ನೆಟ್ ಕೊಡುವ ಕಂಪನಿ ತನ್ನ ಜಾಗದಲ್ಲೇ ಕೂತು ಲಕ್ಷಗಟ್ಟಲೆ ಮನೆಗಳ ಪೆಟ್ಟಿಗೆಗಳಿಗೆ ‘ಈ ಸೆಟ್ಟಿಂಗ್ ಬದಲಾಯಿಸು, ಈ ಫರ್ಮ್‌ವೇರ್ ಹಾಕಿಕೋ’ ಅಂತ ಹೇಳೋಕೆ ಇರೋ ದಾರಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಅವರು ಅಲ್ಲಿಂದಲೇ ಏನೋ ಮಾಡಿ ‘ಈಗ ನೋಡಿ ಸರ್’ ಅಂತಾರಲ್ಲ, ಅನೇಕ ಸಲ ಅದರ ಹಿಂದೆ ಇದೇ ಇರುತ್ತೆ. ವಿಸ್ಕಾನ್ಸಿನ್ ಸಮಸ್ಯೆಗೆ ಇದು ನೇರ ಉತ್ತರ, ಮಾಲೀಕನನ್ನು ಕಾಯಬೇಕಿಲ್ಲ.

ಆದರೆ ಇದಕ್ಕೆ ಒಂದು ಬಾಗಿಲು ಬೇಕು. ಆ ಬಾಗಿಲಿನ ನಂಬರ್ ಪೋರ್ಟ್ 7547.

2016ರ ನವೆಂಬರ್ 27, ಭಾನುವಾರ. ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿಯ 2 ಕೋಟಿ ಗ್ರಾಹಕರಲ್ಲಿ ಸುಮಾರು 9 ಲಕ್ಷ ಮನೆಗಳ ಇಂಟರ್ನೆಟ್, ಫೋನ್, ಟೀವಿ ಒಟ್ಟಿಗೇ ಕೈಕೊಟ್ಟವು. ಮಿರಾಯ್ ಅನ್ನೋ ದುಷ್ಟ ತಂತ್ರಾಂಶದ ಒಂದು ತಳಿ ಪ್ರಪಂಚದ ತುಂಬಾ 7547ನೇ ಬಾಗಿಲು ತಟ್ಟುತ್ತಾ ಹೊರಟಿತ್ತು. ಪೆಟ್ಟಿಗೆಗಳನ್ನು ಗುಲಾಮರನ್ನಾಗಿ ಮಾಡಿಕೊಂಡು ಬೇರೆಯವರ ಮೇಲೆ ದಾಳಿಗೆ ಬಳಸೋದು ಅದರ ಉದ್ದೇಶ. ಜರ್ಮನಿಯ ಆ ಪೆಟ್ಟಿಗೆಗಳು ಗುಲಾಮ ಆಗಲಿಲ್ಲ. ಬಾಗಿಲು ತಟ್ಟಿದ ರಭಸಕ್ಕೇ ತಲೆ ತಿರುಗಿ ಬಿದ್ದವು ಅಷ್ಟೇ. ಟೆಲಿಕಾಮ್ ತಕ್ಷಣ ತಿದ್ದಿದ ಫರ್ಮ್‌ವೇರ್ ಸಿದ್ಧಮಾಡಿತು. ಗ್ರಾಹಕರಿಗೆ ಹೇಳಿದ್ದು ಇಷ್ಟೇ: ಪ್ಲಗ್ ಕೀಳಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಹಾಕಿ, ಪೆಟ್ಟಿಗೆ ತಾನೇ ಹೊಸದನ್ನು ತಂದುಕೊಳ್ಳುತ್ತೆ. ಬಹುಪಾಲು ಮನೆಗಳು ಎರಡು ಮೂರು ದಿನದಲ್ಲಿ ಸರಿಹೋದವು. ಮುಂದಿನ ಫೆಬ್ರವರಿಯಲ್ಲಿ ಲಂಡನ್ನಿನ ಲೂಟನ್ ವಿಮಾನ ನಿಲ್ದಾಣದಲ್ಲಿ 29 ವರ್ಷದ ಒಬ್ಬ ಬ್ರಿಟಿಷ್ ಪ್ರಜೆಯನ್ನು ಹಿಡಿದರು, ಕಲೋನ್ ನಗರದ ಕೋರ್ಟು ಶಿಕ್ಷೆ ಕೊಟ್ಟಿತು.

ಈ ಘಟನೆಯನ್ನು ನೀವು ಎರಡು ಥರ ಓದಬಹುದು. ಆಟೊ ಅಪ್‌ಡೇಟ್ ಇದ್ದದ್ದಕ್ಕೇ ಲಕ್ಷಾಂತರ ಪೆಟ್ಟಿಗೆ ದಿನಗಳಲ್ಲಿ ಸರಿಹೋದವು, 2003ರ ಪೆಟ್ಟಿಗೆಗಳು ಹಾಗೆ ಸರಿಹೋಗಲಿಲ್ಲ. ಅದು ನಿಜ. ದೂರದಿಂದ ರಿಪೇರಿ ಮಾಡೋಕೆ ಅಂತ ತೆರೆದಿಟ್ಟ ಬಾಗಿಲಲ್ಲೇ ಕಳ್ಳ ಬಂದ. ಅದೂ ನಿಜ.

2018ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಲಾಟ್ವಿಯಾ ದೇಶದ ಮೈಕ್ರೋಟಿಕ್ ರೂಟರ್‌ಗಳಲ್ಲಿ ಒಂದು ದೊಡ್ಡ ತೂತು ಪತ್ತೆಯಾಗಿತ್ತು. ಕಂಪನಿ ಏಪ್ರಿಲಿನಲ್ಲೇ ತಿದ್ದುಪಡಿ ಬಿಟ್ಟಿತ್ತು, ಆದರೆ ಮಾಲೀಕರು ಹಾಕಿಕೊಂಡಿರಲಿಲ್ಲ. ಕಳ್ಳರು ಅಂಥ ರೂಟರ್‌ಗಳೊಳಗೆ ನುಗ್ಗಿ ಕ್ರಿಪ್ಟೊ ಗಣಿಗಾರಿಕೆಯ ಕೋಡ್ ತುರುಕುತ್ತಿದ್ದರು. ಆಗ ರಷ್ಯನ್ ಮಾತಾಡುವ ಒಬ್ಬ ಆಸಾಮಿ, ಅದೇ ತೂತಿನಿಂದ ತಾನೂ ಒಳಗೆ ನುಗ್ಗಿ, ಹೊರಗಿನವರು ಬರದ ಹಾಗೆ ಫೈರ್‌ವಾಲ್ ಹಾಕಿ, ‘ನಿಮ್ಮ ರೂಟರಿನಲ್ಲಿ ತೂತಿತ್ತು, ಮುಚ್ಚಿದ್ದೀನಿ’ ಅಂತ ಒಂದು ಚೀಟಿ ಬರೆದಿಟ್ಟು ಬರತೊಡಗಿದ. ಒಂದು ಲಕ್ಷ ರೂಟರ್ ಮುಚ್ಚಿದೆ ಅಂತ ಆತ ಹೇಳಿಕೊಂಡ. ಚೀಟಿಯಲ್ಲಿ ತನ್ನ ಟೆಲಿಗ್ರಾಂ ವಿಳಾಸವನ್ನೂ ಕೊಟ್ಟಿದ್ದ. ಆತನೇ ಹೇಳಿದ ಪ್ರಕಾರ ಮಾತಾಡಿಸಿದವರು ಐವತ್ತು ಜನ. ಅದರಲ್ಲಿ ಥ್ಯಾಂಕ್ಸ್ ಅಂದವರು ಕೆಲವರು, ಬೈದವರೇ ಹೆಚ್ಚು. ಕಾನೂನಿನ ಪ್ರಕಾರ ಆತ ಮಾಡಿದ್ದು ಅಪರಾಧ. ನನಗಂತೂ ಆ ಬೈದವರ ಮೇಲೂ ಸಿಟ್ಟು ಬರಲ್ಲ, ಆತನ ಮೇಲೂ ಬರಲ್ಲ. ಬೀಗ ಹಾಕದ ಮನೆಗೆ ಅಪರಿಚಿತ ನುಗ್ಗಿ ಬೀಗ ಹಾಕಿ ಹೋದರೆ ನೀವು ಏನು ಮಾಡ್ತೀರಿ?

ಇದೇ ಕೆಲಸವನ್ನು ಆಮೇಲೆ ಸರ್ಕಾರವೂ ಮಾಡಿತು, ಕೋರ್ಟ್ ಅನುಮತಿ ಪಡೆದು. ಅದೇ 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಸೋಂಕು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಪೆಟ್ಟಿಗೆಗಳಿಗೆ ತಗುಲಿದೆ ಅಂತ ಗೊತ್ತಾದಾಗ, ಅಮೆರಿಕದ ಎಫ್‌ಬಿಐ ಜನರಿಗೆ ನಿಮ್ಮ ರೂಟರನ್ನು ರೀಸ್ಟಾರ್ಟ್ ಮಾಡಿ ಅಂತ ಕೋರಿತ್ತಷ್ಟೇ. 2023ರ ಡಿಸೆಂಬರಿನ ಹೊತ್ತಿಗೆ ಕೋರುವ ಹಂತ ದಾಟಿತ್ತು. ನೂರಾರು ಹಳೆಯ ಸಿಸ್ಕೊ ಮತ್ತು ನೆಟ್‌ಗಿಯರ್ ರೂಟರ್‌ಗಳಿಗೆ ಕೆವಿ ಅನ್ನೋ ಜಾಲದ ಸೋಂಕು ತಗುಲಿತ್ತು, ಕೋರ್ಟ್ ಆದೇಶ ಹಿಡಿದು ಎಫ್‌ಬಿಐ ತಾನೇ ದೂರದಿಂದ ಅದನ್ನು ಅಳಿಸಿತು. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ‘ಆಯುಷ್ಯ ಮುಗಿದವು’, ಅಂದರೆ ಕಂಪನಿಯೇ ಅಪ್‌ಡೇಟ್ ಕೊಡೋದು ನಿಲ್ಲಿಸಿಬಿಟ್ಟಿತ್ತು. ದೀಪ ಉರೀತಿದೆ, ವೈಫೈ ಬರ್ತಿದೆ, ಆದರೆ ಹೇಳೋರು ಕೇಳೋರು ಯಾರೂ ಇಲ್ಲ. ನಿಮ್ಮ ಮನೆಯಲ್ಲಿ ಏಳೆಂಟು ವರ್ಷದ ಪೆಟ್ಟಿಗೆ ಇದ್ದರೆ ಅದರ ಮಾದರಿ ಸಂಖ್ಯೆ ಹಾಕಿ ಒಮ್ಮೆ ಕಂಪನಿ ಸೈಟಿನಲ್ಲಿ ಹುಡುಕಿ ನೋಡಿ.

ಅದಕ್ಕೂ ಎರಡು ತಿಂಗಳು ಮುಂಚೆ ನಡೆದದ್ದು ಇನ್ನೂ ಭಯಂಕರ. 2023ರ ಅಕ್ಟೋಬರ್ 25ರಿಂದ 27. ಮೂರೇ ದಿನದಲ್ಲಿ ಅಮೆರಿಕದ ಒಂದೇ ಒಂದು ಇಂಟರ್ನೆಟ್ ಕಂಪನಿಯ 6 ಲಕ್ಷಕ್ಕೂ ಹೆಚ್ಚು ಮನೆ ರೂಟರ್‌ಗಳು ಸತ್ತವು. ಆ್ಯಕ್ಷನ್‌ಟೆಕ್ ಮತ್ತು ಸಾಜೆಮ್‌ಕಾಮ್ ತಯಾರಿಸಿದ ಮಾದರಿಗಳು. ಈ ಸಲ ಪ್ಲಗ್ ಕಿತ್ತು ಹಾಕಿದರೂ ಏಳಲಿಲ್ಲ. ಕೆಂಪು ದೀಪ ಅಷ್ಟೇ. ಎಲ್ಲವನ್ನೂ ಬದಲಾಯಿಸಿ ಹೊಸ ಪೆಟ್ಟಿಗೆ ಕಳಿಸಬೇಕಾಯಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಲ್ಯೂಮೆನ್ ಕಂಪನಿಯ ಬ್ಲ್ಯಾಕ್ ಲೋಟಸ್ ಲ್ಯಾಬ್ಸ್ ಸಂಶೋಧಕರು ತಮ್ಮ ವರದಿ ಹೊರತಂದರು. ಘಟನೆಗೆ ಅವರಿಟ್ಟ ಹೆಸರು ‘ಪಂಪ್‌ಕಿನ್ ಎಕ್ಲಿಪ್ಸ್’. ಚಲೂಬೊ ಎಂಬ ದುಷ್ಟ ತಂತ್ರಾಂಶ ಒಳಹೊಕ್ಕಿತ್ತು, ಉದ್ದೇಶಪೂರ್ವಕವಾಗಿ ಕೊಟ್ಟ ಕೆಟ್ಟ ಫರ್ಮ್‌ವೇರ್ ಅಪ್‌ಡೇಟಿನಿಂದಲೇ ಪೆಟ್ಟಿಗೆಗಳು ಸತ್ತವು ಅನ್ನೋದು ಅವರ ತೀರ್ಮಾನ. ಬದುಕಿಸಬೇಕಾದ ಔಷಧಿಯ ಬಾಟಲಿಯಲ್ಲೇ ವಿಷ. ಕಂಪನಿಯ ಹೆಸರನ್ನು ವರದಿ ಹೇಳಲಿಲ್ಲ. ಆದರೆ ಆ ಕಂಪನಿಯ ಗ್ರಾಹಕರಲ್ಲಿ ದೊಡ್ಡ ಪಾಲು ಹಳ್ಳಿಗಾಡಿನವರು, ಬೇರೆ ಇಂಟರ್ನೆಟ್ ಇಲ್ಲದವರು ಅಂತ ಬರೆದರು. ಅಲ್ಲಿ ತುರ್ತು ಸೇವೆಗೆ ಕರೆ ಮಾಡೋದು, ರೈತರು ಕೊಯ್ಲಿನ ಹೊತ್ತಿನಲ್ಲಿ ದೂರದಿಂದಲೇ ಬೆಳೆಯ ಮಾಹಿತಿ ನೋಡೋದು, ಆಸ್ಪತ್ರೆಯವರು ರೋಗಿಗಳ ದಾಖಲೆ ತೆರೆಯೋದು, ಇಂಥದ್ದಕ್ಕೆಲ್ಲ ಪೆಟ್ಟು ಬಿದ್ದಿರಬಹುದು ಅಂತಲೂ ಎಚ್ಚರಿಸಿದರು.

ಹಾಗಾದರೆ ಕಾನೂನು ಏನು ಮಾಡ್ತಿದೆ? ತುಂಬಾ ವರ್ಷ ಏನೂ ಮಾಡಲಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಾಯಿತು. ಇಂಥ ಪೆಟ್ಟಿಗೆ ಮಾರುವವರು ಕನಿಷ್ಠ ಯಾವ ದಿನದವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡ್ತೀವಿ ಅಂತ ಮೊದಲೇ ಹೇಳಬೇಕು. ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವ ಹಾಗೂ ಇಲ್ಲ. ಇಷ್ಟು ಅವಧಿ ಕೊಡಲೇಬೇಕು ಅಂತೇನೂ ಅಲ್ಲಿಲ್ಲ, ಹೇಳಬೇಕು ಅಷ್ಟೇ.

ಯುರೋಪ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಇನ್ನೂ ಮುಂದೆ ಹೋಗಿದೆ. 2024ರ ಡಿಸೆಂಬರ್ 10ರಂದು ಅಸ್ತಿತ್ವಕ್ಕೆ ಬಂದ ಈ ಕಾನೂನಿನ ಮುಖ್ಯ ಷರತ್ತುಗಳು ಅನ್ವಯವಾಗೋದು 2027ರ ಡಿಸೆಂಬರ್ 11ರಿಂದ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ತೂತು ಮುಚ್ಚಿಕೊಡಬೇಕು. ಅನ್ವಯಿಸುವ ಕಡೆ ಸುರಕ್ಷತೆಯ ಅಪ್‌ಡೇಟ್ ತಾನಾಗಿಯೇ ಬರುವುದು ಮೊದಲಿಂದಲೇ ಆನ್ ಆಗಿರಬೇಕು. ಆಗುವ ಮಟ್ಟಿಗೆ ಸುರಕ್ಷತೆಯ ತಿದ್ದುಪಡಿಯನ್ನು ಹೊಸ ಫೀಚರಿನಿಂದ ಬೇರೆಯಾಗಿ ಕೊಡಬೇಕು. ಅಪ್‌ಡೇಟ್ ಬಂದಿದೆ ಅಂತ ಮಾಲೀಕನಿಗೆ ತಿಳಿಸಬೇಕು, ‘ಈಗ ಬೇಡ, ಆಮೇಲೆ’ ಅನ್ನೋ ಅವಕಾಶ ಇರಬೇಕು, ಬೇಡವೇ ಬೇಡ ಅನ್ನುವವನಿಗೆ ಆಫ್ ಮಾಡುವ ಬಟನ್ ಸುಲಭವಾಗಿ ಕೈಗೆ ಸಿಗಬೇಕು.

2012ರ ಜೂನಿನಲ್ಲಿ ಆ ಲಿಂಕ್‌ಸಿಸ್ ಮಾಲೀಕರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅವರ ಕೈಯಲ್ಲಿದ್ದ ಇಎ ಪೆಟ್ಟಿಗೆಗಳು 2027ಕ್ಕೆ ಹದಿನೈದು ವರ್ಷದವಾಗಿರುತ್ತವೆ, ಈ ಕಾನೂನು ಅವುಗಳಿಗೆ ಅನ್ವಯಿಸಲ್ಲ.